ಕುರಿ ಯಾರದು, ಯಾರ ಹತ್ತಿರ ಇದೆ

ಅವರ ಬಲಗೈ ಹೆಬ್ಬೆರಳು ಬುಡದವರೆಗೂ ನೀಲಿ. ಲಸಿಕೆ ಹಾಕಿದ ಕುರಿಯ ಬೆನ್ನಿಗೆ ಬಣ್ಣದ ಗುರುತು ಒತ್ತಿ ಒತ್ತಿ ಬಂದದ್ದು, ಯಾವ ಸಾಬೂನಿಗೂ ಜಗ್ಗಿರಲಿಲ್ಲ. ಔರಾದ ಕಡೆಯ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ನಿವೃತ್ತರಾದರೂ ಕುರಿಗಾರರ ಸಂಘದವರು ಅವರನ್ನು ಬಿಟ್ಟಿರಲಿಲ್ಲ. ಆ ಸಂಘಕ್ಕೆ ಲಸಿಕೆಯ ದಿನ ತಿಳಿಸುವ ಸಾಫ್ಟ್‌ವೇರ್ ಮಾಡಿಕೊಡಲು ನಾನು ಬೀದರಿನಿಂದ ಹೋಗಿದ್ದೆ.

ಏನೇನು ಬೇಕೆಂದು ಸಂಘದ ಕಾರ್ಯದರ್ಶಿ ಮೊದಲೇ ಬರೆಸಿದ್ದರು. ಮಾಲೀಕರ ಹೆಸರು, ಫೋನು; ದಿನ ಬಂದಾಗ ಅವರಿಗೊಂದು ಸಂದೇಶ. ಇಷ್ಟು ಸರಳ ಕೆಲಸ ಸಿಕ್ಕಿತಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಕಂಪೌಂಡರ್ ಸಾಹೇಬರು ಮಾಲೀಕರ ಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ಬೆರಳಿಟ್ಟರು.

"ಮೇಡಂ, ಈಕಿ ಇರೋದು ಭಾಲ್ಕ್ಯಾಗ. ಈಕಿ ಕುರಿ ಎಲ್ಲಿ ಮಲಗ್ತಾವ, ಕೇಳೀರೇನು?"

ಕೇಳಿರಲಿಲ್ಲ. ಕೇಳಬೇಕೆಂಬ ಕುತೂಹಲ ಆಗ ಹತ್ತಿತು.

ಮರುವಾರ ಸಂತಪುರದ ಹೊಲವೊಂದರಲ್ಲಿ, ಮಂದೆಯ ಪಕ್ಕದಲ್ಲೇ ಅವರು ಎಲ್ಲರನ್ನೂ ಕೂಡಿಸಿದರು: ಕಾರ್ಯದರ್ಶಿ, ಭಾಲ್ಕಿಯ ಆಕೆ, ಆಕೆಯ ಕುರಿ ಕಾಯುವ ತಮ್ಮ, ನಾನು. ಅವರ ಸಭೆಗೆ ಒಂದೇ ಕಾಯಿದೆ. ಮುಂಚಿನವರು ಹೇಳಿದ್ದನ್ನು ತಿರುಗಿ ಒಪ್ಪಿಸಿ, ಅವರು ಹೌದೆಂದ ಮೇಲೆಯೇ ನಮ್ಮ ಮಾತು ಆಡಬೇಕು. ಸಾಲೆಯ ಮಕ್ಕಳ ಆಟ ಎಂದು ನನಗೆ ನಗು ಬಂತು.

ವಿಷಯ ಅಲ್ಲಿ ಹೊರಬಿತ್ತು: ಮದುವೆಯಲ್ಲಿ ಅಪ್ಪ ಕೊಟ್ಟ ಕುರಿ ತವರಿನ ಮಂದೆಯಲ್ಲೇ ಇರುತ್ತವೆ, ಅವುಗಳ ಮರಿಗಳೂ ಮಗಳವೇ. ಅಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ಹಾಗಾಗಿ ಯಾರೂ ನನಗೆ ಹೇಳಿರಲಿಲ್ಲ. ಸಂದೇಶ ಭಾಲ್ಕಿಗೆ ಹೋದರೆ ಹೊಲದಲ್ಲಿರುವ ತಮ್ಮನಿಗೆ ತಿಳಿಯದು, ಲಸಿಕೆ ತಪ್ಪುತ್ತದೆ.

"ಹಂಗಾದ್ರ ತಮ್ಮನ ಹೆಸರೇ ಬರೀರಿ," ಎಂದರು ಕಾರ್ಯದರ್ಶಿ.

ಆಕೆ ಅದನ್ನು ತಿರುಗಿ ಒಪ್ಪಿಸಿ, ತನ್ನ ಮಾತು ಹೇಳಿದಳು. "ನನ್ನ ಹೆಸರು ತೆಗೀಬ್ಯಾಡ್ರಿ. ಇವತ್ತು ಕಾಗದದಾಗಿಂದ ಹೋದ್ರ, ನಾಳಿ ನನ್ನ ಕುರಿ ಮಂದ್ಯಾಗಿಂದನೂ ಹೋಗ್ತಾವ." ತಮ್ಮ ತಲೆ ತಗ್ಗಿಸಿದ. ಕಾರ್ಯದರ್ಶಿ ನಡುವೆ ಬಾಯಿ ಹಾಕಿದರು.

"ಮೊದಲ ಆಕಿ ಮಾತು ಹೇಳ್ರಿ ಸಾಹೇಬ್ರ, ಆಮ್ಯಾಲ ನಿಮ್ಮದು," ಎಂದರು ಕಂಪೌಂಡರ್.

ಆಕೆಯ ಮಾತನ್ನು ಹೇಳುತ್ತ ಹೇಳುತ್ತ ಕಾರ್ಯದರ್ಶಿಯ ದನಿ ಇಳಿಯಿತು. ಆಮೇಲೆ, "ಎರಡೂ ಹೆಸರು ಬರೀರಿ," ಎಂದರು. ಕುರಿ ಯಾರದು, ಯಾರ ಹತ್ತಿರ ಇದೆ. ಎರಡೂ ಫೋನಿಗೆ ಸಂದೇಶ. ನಾನು ಬರೆದುಕೊಂಡೆ. ಓದಿ ಬಂದ ವಿದ್ಯೆ ಇದನ್ನು ನನಗೆ ಕಲಿಸಿರಲಿಲ್ಲ, ಕಲಿಸಿದವರು ಕಂಪೌಂಡರ್.

ಮೊದಲ ಸಂದೇಶ ಹೋಗುವಷ್ಟರಲ್ಲಿ ಕಂಪೌಂಡರ್ ತೀರಿಕೊಂಡಿದ್ದರು. ಲಸಿಕೆಯಾದ ದಿನ ಭಾಲ್ಕಿಯಿಂದ ಆಕೆ ಫೋನು ಮಾಡಿದಳು. "ತಮ್ಮ ನನ್ನ ಕುರೀನೂ ಲಸಿಕೀಗೆ ಹೊಡ್ಕೊಂಡು ಹೋಗಿದ್ದನ್ರಿ, ಒಂದೂ ಬಿಟ್ಟಿಲ್ಲ. ಕಂಪೌಂಡರ್ ಸಾಹೇಬ್ರಿಗೆ ಹೇಳ್ರಿ."

ಆಕೆಗೆ ಸುದ್ದಿ ಮುಟ್ಟಿರಲಿಲ್ಲ. ಹೇಳ್ತೇನಿ ಅಂದುಬಿಟ್ಟೆ. ಮರುದಿನ ಔರಾದಿಗೆ ಬಸ್ಸು ಹತ್ತಿ, ಕಂಪೌಂಡರ್ ಅವರ ಹೆಂಡತಿಯ ಮುಂದೆ ಕೂತು, ಆಕೆ ಹೇಳಿದ್ದನ್ನು ಹಾಗೇ ತಿರುಗಿ ಒಪ್ಪಿಸಿ ಬಂದೆ.