ತಾವೇ ಹಿಂದಕ್ಕೆ ಪಡೆದ ವರದಿ

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಯಾವ ಊರಿಗೆ ಶಾಲೆ ಬೇಕಾದೀತು, ಯಾವ ಊರಿಗೆ ವೃದ್ಧರ ಆರೈಕೆ ಬೇಕಾದೀತು, ಎಲ್ಲಿ ಮಕ್ಕಳು ಹೆಚ್ಚಿಯಾರು, ಎಲ್ಲಿ ಬೀದಿಗಳು ಬರಿದಾದಾವು ಎಂದು ಇಂದೇ ಅಂದಾಜು ಮಾಡಿ ಸರ್ಕಾರಕ್ಕೆ ತಿಳಿಸುವುದು ಯೋಜನಾ ಮಂಡಳಿಯ ಸಾಮಾಜಿಕ ನೀತಿ ಮತ್ತು ಜನಸಂಖ್ಯಾ ವಿಭಾಗದ ಕೆಲಸ. ಹೊರಗಿನವರಿಗೆ ಇದು ಒಣ ಕೆಲಸವಾಗಿ ಕಾಣುವುದು ಸಹಜ. ಈ ಕೆಲಸಕ್ಕೆ ನಮ್ಮಲ್ಲಿ ಶಿಸ್ತನ್ನೂ ಅಂತಃಕರಣವನ್ನೂ ಒಟ್ಟಿಗೆ ತಂದವರು ಯಾರೆಂದು ಕೇಳಿದರೆ, ಇಂದು ನಾವು ಬೀಳ್ಕೊಡುತ್ತಿರುವ ಹಿರಿಯ ಉಪಮುಖ್ಯಸ್ಥರತ್ತಲೇ ಎಲ್ಲರ ಬೆರಳೂ ಹೊರಳುತ್ತದೆ. ಅವರ ವಿದ್ವತ್ತಿನ ಬಗ್ಗೆ ಈ ಬೀಳ್ಕೊಡುಗೆ ಸಂಪುಟದಲ್ಲಿ ನನಗಿಂತ ಬಲ್ಲವರು ಬರೆದಿದ್ದಾರೆ. ಅವರ ಕೈಕೆಳಗೆ ಕಲಿತವಳಾಗಿ, ಪಕ್ಕದಲ್ಲಿ ನಿಂತು ಕಂಡದ್ದನ್ನಷ್ಟೇ ನಾನು ಬರೆಯಬಲ್ಲೆ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ವಿಭಾಗ ಮೂರನೆಯ ಮಹಡಿಯ ಕೊನೆಯಲ್ಲಿತ್ತು. ಲಿಫ್ಟು ಎರಡನೆಯ ಮಹಡಿಗೇ ನಿಲ್ಲುತ್ತಿದ್ದುದರಿಂದ ನಮ್ಮನ್ನು ಹುಡುಕಿಕೊಂಡು ಬರುವವರು ನಿಜವಾಗಿ ನಾವು ಬೇಕಾದವರೇ ಆಗಿರುತ್ತಿದ್ದರು. ಕಿರಿಯರೆಲ್ಲ ಉಪಮುಖ್ಯಸ್ಥರನ್ನು ಬೆನ್ನ ಹಿಂದೆ ‘ಸೋದರಮಾವ’ ಎಂದು ಕರೆಯುತ್ತಿದ್ದರು. “ಹೆಣ್ಣು ಕೊಡದ ಸೋದರಮಾವ, ಕೆಲಸವನ್ನಾದ್ರೂ ಕೈತುಂಬಾ ಕೊಡ್ತಾರಲ್ಲ” ಎಂದು ನಮ್ಮ ಬೆರಳಚ್ಚುಗಾರ್ತಿ ನಗುತ್ತಿದ್ದಳು. ಅದು ಅವರಿಗೆ ಗೊತ್ತಿತ್ತು. ಒಮ್ಮೆ ಆಕೆಯ ಮೇಜಿನ ಮೇಲೆ ಕಡತಗಳ ಕಟ್ಟನ್ನಿಟ್ಟು, “ತಗೋಳಮ್ಮ, ಮಾವನ ಮನೆ ಉಡುಗೊರೆ” ಎಂದು ಹೇಳಿ ಹೋದರು.

ಸಭೆಗಳೆಂದರೆ ನನಗೆ ಆಗ ಎದೆ ಬಡಿದುಕೊಳ್ಳುತ್ತಿತ್ತು. ನನ್ನ ಸರದಿ ಬರುವವರೆಗೆ ಬೇರೆಯವರು ಹೇಳಿದ್ದು ಒಂದೂ ಕಿವಿಗೆ ಬೀಳುತ್ತಿರಲಿಲ್ಲ. ಯಾರಿಗೂ ಕಾಣುವುದಿಲ್ಲವೆಂದುಕೊಂಡಿದ್ದೆ. ಸೇರಿದ ಕೆಲವೇ ವಾರಗಳಲ್ಲಿ ಅವರು ಪ್ರತಿ ಸಭೆಯಲ್ಲೂ ಮೊದಲು ನನ್ನ ಕಡೆಗೇ ತಿರುಗತೊಡಗಿದರು. ಕಾರಣ ಕೇಳಿದಾಗ, “ಮೊದಲು ನೀವೇ ಹೇಳಿ ಮುಗಿಸ್ಬಿಡಿ. ಆಮೇಲೆ ಚಹಾದ ರುಚಿಯಾದ್ರೂ ಗೊತ್ತಾಗುತ್ತೆ” ಎಂದರು. ಇದನ್ನು ಅವರು ಉಪಕಾರವೆಂದು ಎಂದೂ ನೆನೆದಿರಲಾರರು. ನಾನು ಈ ಕೆಲಸದಲ್ಲಿ ಉಳಿದದ್ದು ಅದರಿಂದ.

ಅವರಿಗೆ ಒಂದು ಪದ್ಧತಿಯಿತ್ತು. ವರದಿ ಸಿದ್ಧವಾದ ಮೇಲೆ, ಅದನ್ನು ಮೇಲಕ್ಕೆ ಕಳಿಸುವ ಮೊದಲು, ಅದರಲ್ಲಿ ಬರುವ ಒಂದು ಊರಿಗೆ ಹೋಗಿ ಸುಮ್ಮನೆ ನಡೆದಾಡಿ ಬರುವುದು. ಪ್ರಶ್ನಾವಳಿ ಇಲ್ಲ, ಅಧಿಕಾರಿಗಳ ಭೇಟಿಯಿಲ್ಲ. ಇದಕ್ಕೆ ಅವರು ‘ಕಾಲಿನಲ್ಲಿ ಓದುವುದು’ ಎನ್ನುತ್ತಿದ್ದರು. ಈ ಪದ್ಧತಿ ತಪ್ಪಿದ್ದು ಒಂದೇ ಸಲ, ಮುಪ್ಪಾಗುತ್ತಿರುವ ಸಣ್ಣ ಪಟ್ಟಣಗಳ ಕುರಿತ ಅವರ ದೊಡ್ಡ ವರದಿಯ ಸಂದರ್ಭದಲ್ಲಿ. ಮಂಡಳಿಯ ಅಧಿವೇಶನ ಹತ್ತಿರವಾಗಿತ್ತು, ಮೇಲಿನಿಂದ ಒತ್ತಡವಿತ್ತು. ವರದಿ ಮೊದಲು ಹೋಯಿತು, ನಡಿಗೆ ಆಮೇಲಕ್ಕೆ ಉಳಿಯಿತು. ವರದಿಯನ್ನು ಎಲ್ಲರೂ ಮೆಚ್ಚಿದರು. ಶಿಶುಜನನ ತೀರ ಇಳಿದ ಪಟ್ಟಣಗಳ ಹೆರಿಗೆ ವಾರ್ಡುಗಳನ್ನು ಮುಚ್ಚಿ ವೃದ್ಧರ ಆರೈಕೆಗೆ ಬಿಟ್ಟುಕೊಡಬೇಕೆಂಬ ಪ್ರಸ್ತಾವ ಅದರ ಬೆನ್ನಿಗೇ ಸಿದ್ಧವಾಯಿತು. ಆ ವರ್ಷ ನಿವೃತ್ತರಾಗಲಿದ್ದ ಮುಖ್ಯಸ್ಥರ ಜಾಗಕ್ಕೆ ಇವರೇ ಬರುವರೆಂಬುದು ಕಾರಿಡಾರಿನ ಕಸ ಗುಡಿಸುವವರಿಗೂ ತಿಳಿದಿತ್ತು.

ಬಾಕಿ ಉಳಿದ ನಡಿಗೆಗೆ ಅವರು ನನ್ನನ್ನು ಕರೆದೊಯ್ದರು. ಹೊಳೆದಂಡೆಯ ಆ ಪಟ್ಟಣ ವರದಿಯ ಕೋಷ್ಟಕದಲ್ಲಿ ಎಲ್ಲಕ್ಕಿಂತ ಕೆಳಗಿತ್ತು. ಅಲ್ಲಿ ಮಕ್ಕಳೇ ಹುಟ್ಟುತ್ತಿಲ್ಲವೆಂದು ನಾವು ಬರೆದಿದ್ದೆವು. ಸೇತುವೆ ದಾಟಿ ಮೊದಲ ಬೀದಿಗೆ ಹೊರಳಿದೆವು. ಎರಡೂ ಬದಿಯ ಮಾಳಿಗೆಗಳಿಗೆ ಅಡ್ಡಲಾಗಿ ಕಟ್ಟಿದ ಹಗ್ಗಗಳ ಮೇಲೆ ಕೂಸುಗಳ ಬಟ್ಟೆ ಒಣಗುತ್ತಿತ್ತು. ಮುಂದಿನ ಬೀದಿಯಲ್ಲೂ ಅದೇ. ಅವರ ನಡಿಗೆ ನಿಧಾನವಾಯಿತು. ಕೊನೆಗೆ ಹಗ್ಗವೊಂದರ ಕೆಳಗೆ ನಿಂತೇಬಿಟ್ಟರು. ಒದ್ದೆ ಅಂಗಿಯೊಂದರಿಂದ ಹನಿಗಳು ಅವರ ಹೆಗಲ ಮೇಲೆ ಬೀಳುತ್ತಿದ್ದವು.

ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಅಜ್ಜಿಯೊಬ್ಬರು, “ಸ್ವಾಮಿ, ಪಕ್ಕಕ್ಕೆ ನಿಂತ್ಕೊಳ್ಳಿ, ಆ ನೀರು ತೀರ್ಥ ಅಲ್ಲ” ಎಂದರು.

ಇವರು ಸರಿದು ನಿಂತು ಕೇಳಿದರು: “ಈ ಊರಲ್ಲಿ ಹೆರಿಗೇನೇ ಆಗಲ್ಲ ಅಂತಾರಲ್ಲಮ್ಮ?”

“ಆಗಲ್ಲ, ಸರಿಯಾಗೇ ಹೇಳಿದಾರೆ. ಆಸ್ಪತ್ರೆ ಸೂರು ಕುಸಿದು ರಿಪೇರಿಗೆ ಅಂತ ಬೀಗ ಹಾಕಿದಾರಲ್ಲ. ನನ್ನ ಸೊಸೆ, ಎದುರುಮನೆ ಸೊಸೆ, ಎಲ್ಲರೂ ಹೊಳೆ ಆಚೆ ದೊಡ್ಡಾಸ್ಪತ್ರೆಗೆ ಹೋಗಿ ಹೆತ್ತು ಬಂದ್ರು. ಹೆರೋದು ಅಲ್ಲಿ, ಅಳೋದು ಇಲ್ಲಿ. ಬೇಕಾದ್ರೆ ರಾತ್ರಿ ಇದ್ದು ಕೇಳಿಸ್ಕೊಂಡು ಹೋಗಿ.”

ತಪ್ಪು ಏನೆಂದು ಆ ಕ್ಷಣವೇ ಇಬ್ಬರಿಗೂ ಹೊಳೆಯಿತು. ಜನನ ದಾಖಲಾಗುವುದು ಮಗು ಹುಟ್ಟಿದ ಊರಿನಲ್ಲಿ. ತಾಯಿಯ ಮನೆ ಎಲ್ಲಿದೆಯೆಂದು ನಾವು ನೋಡಿರಲಿಲ್ಲ. ಬೀಗ ಬಿದ್ದ ಆಸ್ಪತ್ರೆಯನ್ನು ಮುಪ್ಪಾದ ಊರೆಂದು ಓದಿದ್ದೆವು. ಹಿಂತಿರುಗುವ ಬಸ್ಸಿನಲ್ಲಿ ನಾನು ಅವರ ಮುಖವನ್ನೇ ಗಮನಿಸುತ್ತಿದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತ ಒಂದೇ ಮಾತು ಹೇಳಿದರು: “ಆ ಅಜ್ಜಿಗೆ ಇನ್ನೊಬ್ಬ ಸೊಸೆ ಬಂದ್ರೆ ಅವಳೂ ಸೇತುವೆ ದಾಟಬೇಕು. ನಾನು ಬರೆದದ್ದರಿಂದ.”

ಅಧಿವೇಶನಕ್ಕೆ ಒಂದು ವಾರವಿತ್ತು. ಆಗಿನ ಮುಖ್ಯಸ್ಥರು ಒಳ್ಳೆಯವರು, ಇವರ ಹಿತ ಬಯಸಿದವರು. “ನಿಮ್ಮ ಕಾಲ ಮೇಲೆ ನೀವೇ ಯಾಕ್ರೀ ಕಲ್ಲು ಎತ್ತಿ ಹಾಕ್ಕೋತೀರಿ? ಬಡ್ತಿ ಆಗಿಬಿಡ್ಲಿ. ಮುಂದಿನ ವರದೀಲಿ ಒಂದು ಅಡಿಟಿಪ್ಪಣಿ ಹಾಕಿದ್ರಾಯ್ತು” ಎಂದರು.

“ಅಡಿಟಿಪ್ಪಣೀಲಿ ಹೆರಿಗೆ ಆಗಲ್ಲ ಸರ್” ಎಂದು ಇವರು ಮೆಲ್ಲಗೆ ಹೇಳಿದರು.

ಅಧಿವೇಶನದ ದಿನ ನಾನು ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ ಕುಳಿತಿದ್ದೆ. ಅವರು ಎದ್ದು ನಿಂತು, ವರದಿಯನ್ನು ತಾವೇ ಹಿಂದಕ್ಕೆ ಪಡೆಯುತ್ತಿರುವುದಾಗಿಯೂ ಅದರ ಆಧಾರದ ಮೇಲೆ ಯಾವ ವಾರ್ಡನ್ನೂ ಮುಚ್ಚಬಾರದೆಂದೂ ತಿಳಿಸಿ, ತಪ್ಪು ಹೇಗಾಯಿತೆಂದು ಮುಚ್ಚುಮರೆಯಿಲ್ಲದೆ ವಿವರಿಸಿದರು. ಹಿರಿಯ ಸದಸ್ಯರೊಬ್ಬರು ಕನ್ನಡಕ ತೆಗೆದು, “ನಿಮ್ಮ ವರದೀನ ನೀವೇ ನಂಬಲ್ಲ ಅಂದ್ರೆ ನಾವು ಹ್ಯಾಗೆ ನಂಬೋದು?” ಎಂದು ಚುಚ್ಚಿದರು. “ನಂಬಬೇಡಿ ಅಂತ ಕೇಳ್ಕೊಳ್ಳೋಕೇ ಬಂದಿದೀನಿ” ಎಂದರು ಇವರು. ಕೋಣೆಯಲ್ಲಿ ಯಾರೋ ನಕ್ಕರು. ಇವರು ನಗಲಿಲ್ಲ. ಹೆದರಿಕೆಯಲ್ಲಿ ತಪ್ಪಿಹೋದ ಸಾಲನ್ನು ಕಾಗದದ ಮೇಲೆ ಬೆರಳಿಟ್ಟು ಹುಡುಕುತ್ತಿದ್ದುದು ನನಗೆ ಅಷ್ಟು ದೂರದಿಂದಲೂ ಕಾಣುತ್ತಿತ್ತು. ಭಯವಿಲ್ಲದವರಷ್ಟೇ ಹೀಗೆ ಎದ್ದು ನಿಲ್ಲಬಲ್ಲರೆಂದು ನಾನು ಅಲ್ಲಿಯವರೆಗೆ ನಂಬಿದ್ದೆ.

ಪ್ರಸ್ತಾವ ಬಿದ್ದುಹೋಯಿತು. ಹೊಳೆದಂಡೆಯ ಆಸ್ಪತ್ರೆಗೆ ಹೊಸ ಸೂರು ಬಂತು. ಮುಖ್ಯಸ್ಥರ ಕುರ್ಚಿಗೆ ಬೇರೊಬ್ಬರು ಬಂದರು. ಇವರು ಅವರ ಕೆಳಗೆ ಅಷ್ಟೇ ಶ್ರದ್ಧೆಯಿಂದ, ಒಂದು ಕಹಿಮಾತೂ ಆಡದೆ, ಈ ನಿವೃತ್ತಿಯವರೆಗೆ ದುಡಿದರು. “ಊರವರ ವಯಸ್ಸನ್ನೆಲ್ಲ ಎಣಿಸಿದ್ರು, ತಮ್ಮ ಬಡ್ತಿ ವಯಸ್ಸನ್ನ ಮಾತ್ರ ಎಣಿಸ್ಲಿಲ್ಲ” ಎಂದು ಅವರ ಶ್ರೀಮತಿಯವರು ನಮ್ಮೆದುರೇ ಹಂಗಿಸುವುದುಂಟು. ಹಂಗಿಸುತ್ತಲೇ ಅವರ ತಟ್ಟೆಗೆ ಇನ್ನಷ್ಟು ಬಡಿಸುತ್ತಾರೆ.

ಪ್ರತಿ ಜನನವನ್ನೂ ತಾಯಿಯ ಮನೆಯ ವಿಳಾಸಕ್ಕೆ ಮರಳಿಸಿ ಎಣಿಸುವ ಕ್ರಮವನ್ನು ಆ ತಪ್ಪಿನ ಬಳಿಕ ಅವರೇ ರೂಪಿಸಿದರು. ಇಂದು ಇಡೀ ವಿಭಾಗ ನಡೆಯುವುದು ಅದರ ಮೇಲೆ. ದೂರದ ಜಿಲ್ಲೆಗಳ ಹಳೆಯ ವರ್ಷಗಳ ಎಣಿಕೆ ಇನ್ನೂ ಬಾಕಿಯಿದೆ. ಮುಂದಿನ ವಾರದಿಂದ ಸಂಬಳವಿಲ್ಲದೆ ಬಂದು ಅದನ್ನು ಮುಗಿಸಿಕೊಡುವುದಾಗಿ ಈಗಾಗಲೇ ತಿಳಿಸಿದ್ದಾರೆ. ನಾವು ಬೇಡವೆನ್ನುವುದಿಲ್ಲ. ನಮ್ಮ ವಯೋಮಾನದ ಕೋಷ್ಟಕಗಳಲ್ಲಿ ಕೊನೆಯ ಸಾಲು ‘ಎಂಬತ್ತು ಮತ್ತು ಮೇಲ್ಪಟ್ಟು’ ಎಂದಿರುತ್ತದೆ. ಮಿಕ್ಕ ಸಾಲುಗಳಿಗೆಲ್ಲ ಒಂದು ಕೊನೆಯ ವಯಸ್ಸುಂಟು, ಅದಕ್ಕಿಲ್ಲ. ನಮ್ಮ ಸೋದರಮಾವನವರು ಆರೋಗ್ಯದಿಂದ ಆ ಸಾಲನ್ನು ತಲುಪಲಿ, ಅಲ್ಲಿ ಬಹುಕಾಲ ನೆಲೆಸಲಿ, ಆ ಸಾಲಿನ ಲೆಕ್ಕದಲ್ಲಿ ನಾವು ತಪ್ಪಿದರೆ ಮೂರನೆಯ ಮಹಡಿಯವರೆಗೂ ಹತ್ತಿ ಬಂದು ತಿದ್ದಲಿ.