ಐಸ್ ಲಾರಿ ಡ್ರೈವರ್ ಹೇಳಿದ ಸುಳ್ಳು

ಮೇಲಿನ ಮನೆ ದೊಡ್ಡಮ್ಮನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಹೆರೆಮಣೆಯ ಹಲ್ಲು ತಾಗಿದ ಮೂರು ಬಿಳಿ ಗೆರೆಗಳಿದ್ದವು. ಚೆನ್ನೈನ ಪುರಸೈವಾಕ್ಕಂನಲ್ಲಿದ್ದ ತಮ್ಮ ಹೋಟೆಲಿನ ಚಟ್ನಿಗೆ ವರ್ಷಗಟ್ಟಲೆ ತೆಂಗಿನಕಾಯಿ ತುರಿದವರು, ಎಪ್ಪತ್ತು ದಾಟಿದ ಮೇಲೆ ಮಕ್ಕಳಿಗೆಂದು ಒಂದು ಪತ್ತೇದಾರಿ ಕಾದಂಬರಿ ಬರೆದರು.

ಕಥೆಯಲ್ಲಿ ಒಂದು ಹೋಟೆಲಿನ ಬೆಳ್ಳಿ ಹರಿವಾಣ ಸಂಜೆ ಆರಕ್ಕೆ ಮಾಯ; ನಾಲ್ವರ ಮೇಲೆ ಅನುಮಾನ. "ಗಮನ ಇಟ್ಟು ಓದಿದ ಮಗು ತಾನೇ ಕಳ್ಳನನ್ನು ಹಿಡೀಬೇಕು. ಇಲ್ಲದಿದ್ರೆ ನಾನು ಮೋಸ ಮಾಡಿದ ಹಾಗೆ," ಎನ್ನುತ್ತಿದ್ದರು. ಪರೀಕ್ಷೆಗೆ ಸಿಕ್ಕವಳು ಹನ್ನೊಂದು ವರ್ಷದ ನನ್ನ ಮಗಳು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವ ಹುಡುಗಿ; ದೊಡ್ಡಮ್ಮನನ್ನೂ ಅಜ್ಜಿ ಎನ್ನದೆ 'ಪಾಟಿ' ಎಂದೇ ಕರೆಯುವಳು. ದೊಡ್ಡಮ್ಮ ಬೀನ್ಸಿನ ನಾರು ತೆಗೆಯುತ್ತ ದಿನಕ್ಕೊಂದು ಅಧ್ಯಾಯ ಅವಳಿಂದಲೇ ಓದಿಸುವರು. ತಡವರಿಸಿದರೆ ಹೇಳಿಕೊಡದೆ ಕಾಯುವರು.

ಕೊನೆಯ ಅಧ್ಯಾಯಕ್ಕೆ ಮೊದಲು ಕೇಳಿದರು: "ಹೇಳು ಮಗಾ, ಕದ್ದದ್ದು ಯಾರು?"

"ಐಸ್ ಲಾರಿ ಡ್ರೈವರ್ ದಾನ್, ಪಾಟಿ." ಡ್ರೈವರೇ ಎಂದು ಅವಳ ಖಚಿತ ಉತ್ತರ.

"ಅವನಲ್ಲ ಮಾರಾಯ್ತಿ! ಅವನು ಸಂಜೆ ಆರಕ್ಕೆ ಕಾಸಿಮೇಡು ಬಂದರಲ್ಲಿ ಮೀನು ಏಲಂ ನೋಡ್ತಿದ್ದ."

"ಪೊಯ್, ಪಾಟಿ! ಸುಳ್ಳು! ಏಲಂ ಬೆಳಗ್ಗೇನೇ ಮುಗಿಯತ್ತೆ. ನನ್ನ ಫ್ರೆಂಡ್ ಅಪ್ಪಂದು ಅಲ್ಲಿ ಬೋಟ್ ಇದೆ."

ದೊಡ್ಡಮ್ಮನ ಕೈ ನಿಂತಿತು. ಜನ್ಮದಲ್ಲಿ ಮೀನು ಮಾರುಕಟ್ಟೆಯ ಕಡೆ ಹೋದವರಲ್ಲ. ಮೀನಿನ ಹರಾಜು ಸಂಜೆಗೆಂದು ತಾವೇ ಊಹಿಸಿ ಬರೆದಿದ್ದರು. ಅಚ್ಚಿಗೆ ಕೊಡಲು ಒಂದೇ ವಾರ.

"ಅವನು ಸಿನಿಮಾಕ್ಕೆ ಹೋಗಿದ್ದ ಅಂತ ಮಾಡಿಬಿಡಿ, ಮುಗೀತು," ಎಂದೆ ನಾನು.

"ಸುಮ್ನಿರು. ಹುಡುಗಿ ಸರಿಯಾಗಿ ಯೋಚಿಸಿದ್ದಾಳೆ. ಅವಳನ್ನು ಸೋಲಿಸ್ಲಿಕ್ಕೆ ಕಥೆ ತಿದ್ದುವುದಾ? ಕಳ್ಳ ಡ್ರೈವರೇ ಆಗ್ಲಿ. ಆದ್ರೆ ಬೀದರಿನ ಮಗುವಿಗೆ ಏಲಂ ಹೊತ್ತು ಎಂತ ಗೊತ್ತು? ಅದನ್ನು ಕಥೆಯಲ್ಲಿ ಮೊದಲೇ ತೋರಿಸ್ಬೇಕು."

ಮರುದಿನ ನಸುಕಿಗೇ ಮೂವರೂ ಕಾಸಿಮೇಡಿಗೆ ಆಟೋ ಹತ್ತಿದೆವು. ಸೆರಗನ್ನು ಮೂಗಿಗೊತ್ತಿಕೊಂಡು, ಮೀನಿನ ಬುಟ್ಟಿಗಳ ನಡುವೆ ನಿಂತು ದೊಡ್ಡಮ್ಮ ಎಲ್ಲ ಬರೆದುಕೊಂಡರು. "ಪಾಟಿ, ಮೀನ್ ವೇಣುಮಾ?" ಎಂದು ಕರೆದ ಮೀನು ಮಾರುವವಳಿಗೆ, "ಮೀನ್ ವೇಂಡಾಂ, ಟೈಮ್ ಮಟ್ಟುಂ ಸೊಲ್ಲಮ್ಮಾ," ಎಂದರು. ಮೀನು ಬೇಡ, ಹೊತ್ತು ಮಾತ್ರ ಹೇಳಮ್ಮ ಅಂತ. ಅವಳು ಬಿದ್ದು ಬಿದ್ದು ನಕ್ಕಳು.

ಮನೆಗೆ ಬಂದು ತಲೆಗೆ ಸ್ನಾನ ಮಾಡಿ, ಆರು ಅಧ್ಯಾಯ ಹರಿದುಹಾಕಿ ಹೊಸದಾಗಿ ಬರೆದರು. ಪುಸ್ತಕ ಎರಡು ತಿಂಗಳು ತಡವಾಯಿತು. ಬಂದ ಮೇಲೆ ಮೈಸೂರಿನಿಂದ ಒಬ್ಬ ಹುಡುಗಿ ಫೋನ್ ಮಾಡಿ, "ಅಜ್ಜಿ, ಡ್ರೈವರ್ ಬಾಯಿ ತೆಗೆದ ಕೂಡಲೇ ಸಿಕ್ಕಿಬಿದ್ದ!" ಎಂದಳಂತೆ. ಆ ಸಂಜೆ ಇಡೀ ಕಟ್ಟಡಕ್ಕೆ ಗೋಳಿಬಜೆ ಹಂಚಿದರು.

ಕಳೆದ ವರ್ಷ ದೊಡ್ಡಮ್ಮ ಹೋದರು. ಮಗಳೀಗ ಕನ್ನಡ ಪುಸ್ತಕ ಸಲೀಸಾಗಿ ಓದುತ್ತಾಳೆ. ಅದು ಅವರದೇ ಋಣ. ಆದರೆ ನನಗೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಹಿರಿಯರೊಬ್ಬರು ಹನ್ನೊಂದರ ಹುಡುಗಿಗೆ "ನೀನೇ ಸರಿ" ಎಂದು ಹೇಳಿ, ತಾವು ಬರೆದದ್ದನ್ನು ಹರಿದುಹಾಕಿದ್ದನ್ನು ನನ್ನ ಮಗಳು ಎದುರಲ್ಲೇ ಕೂತು ನೋಡಿದ್ದಾಳೆ.