ಮಾಶಾಕರ ಹೊಳೆಯದ ತೂಕದ ಕಲ್ಲು

ಬೆಟಗೇರಿಯ ಓಣಿಯಲ್ಲಿ ಇನ್ನೂ ಮಗ್ಗದ ಸದ್ದಿಲ್ಲ. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮುಂದೆ ಮಾಶಾಕ ಉಸಿರು ಬಿಗಿಹಿಡಿದು ಕೂತಿದ್ದಾರೆ. ಪಕ್ಕದ ಮನೆಯ ನೇಕಾರ ಗೋಪಣ್ಣ ಮಗ್ಗಕ್ಕೆ ಕೂತರೆ ನೆಲ ಅದುರಿ ತಕ್ಕಡಿಯ ಮುಳ್ಳು ನಿಲ್ಲುವುದಿಲ್ಲ. "ಆತೇನಲೇ ಮಾಶಾಕ?" ಗೋಡೆಯಾಚೆಯಿಂದ ಗೋಪಣ್ಣ ಕೇಳುತ್ತಾರೆ. "ಒಂದೀಟ ತಡಿಯಣ್ಣಾ." ಪಕ್ಕದವನ ಮುಳ್ಳಿಗಾಗಿ ಹೊಟ್ಟೆಪಾಡಿನ ಮಗ್ಗ ನಿಲ್ಲಿಸುವ ಇಂಥ ನೆರೆಯವರು ಎಲ್ಲ ಓಣಿಯಲ್ಲೂ ಸಿಗುವುದಿಲ್ಲ.

ಕಾಲೇಜುಗಳು ಹರಾಜಿಗೆ ಹಾಕುವ ಪ್ರಯೋಗಾಲಯದ ಹಳೆ ಸಾಮಾನು ಕೊಂಡು, ರಿಪೇರಿ ಮಾಡಿ, ಹಳ್ಳಿಯ ಹೈಸ್ಕೂಲುಗಳಿಗೆ ಮಾರುವುದು ಮಾಶಾಕರ ಕಸುಬು. ಅಪ್ಪ ಅಲ್ಲಾಸಾಬ ಹಳೆ ಹಿತ್ತಾಳೆಯ ವ್ಯಾಪಾರಿ. ೧೯೭೨ರಲ್ಲಿ ಮಗ ಧಾರವಾಡದಿಂದ ತಂದ ಮೊದಲ ಸೂಕ್ಷ್ಮದರ್ಶಕವನ್ನು ಅವರು ಕರಗಿಸಲು ಹೊರಟಿದ್ದರಂತೆ. "ಅದರಾಗ ಉಳ್ಳಾಗಡ್ಡಿ ಸಿಪ್ಪಿ ಇಟ್ಟ ತೋರಿಸಿದೆರಿ. ಅಪ್ಪ ಮಧ್ಯಾಹ್ನತನಕ ಕಣ್ಣ ತಗೀಲಿಲ್ಲ."

ಅದಾಗಿ ಈಗ ಹತ್ತು ವರ್ಷ. ಶಿರಹಟ್ಟಿ, ಲಕ್ಷ್ಮೇಶ್ವರದ ಶಾಲೆಗಳಿಗೆ ಇವರ ಸಾಮಾನು ಬಸ್ಸೇರಿ ಹೋಗುತ್ತದೆ. ಮುಂಡರಗಿ ಕಡೆ ಮಾತ್ರ ಹಳೆಯದೆಂದರೆ ಮೂಗು ಮುರಿಯುತ್ತಿದ್ದರು. ಹೋದ ತಿಂಗಳು ಆ ಕಡೆಯ ಕೊರ್ಲಹಳ್ಳಿಯ ವಿಜ್ಞಾನದ ಮಾಸ್ತರ ಯಂಕಪ್ಪ, ಒಲ್ಲೆನೆಂದ ಹೆಡ್ ಮಾಸ್ತರರನ್ನು ಹೇಗೋ ಒಪ್ಪಿಸಿ ತಕ್ಕಡಿ ಒಯ್ಯಲು ಬಂದರು. ಅವರ ಹುಡುಗರು ಇಂಥ ತಕ್ಕಡಿಯನ್ನು ಕರಿಹಲಗೆಯ ಚಿತ್ರದಲ್ಲಷ್ಟೇ ಕಂಡವರು.

ಮಾಸ್ತರರು ಬರುತ್ತಾರೆಂಬ ಸಡಗರದಲ್ಲಿ ಹೆಂಡತಿ ಹಸೀನಾಬಿ, ಆ ತಕ್ಕಡಿಯ ಕಪ್ಪಾಗಿದ್ದ ಹಿತ್ತಾಳೆಯ ತೂಕದ ಕಲ್ಲುಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತೊಳೆದಿಟ್ಟಿದ್ದರು. ಮನೆಯ ಕೊಡಪಾನ ತಿಕ್ಕಿದ ಹಾಗೆ. ಅದನ್ನು ನೋಡಿದ ಮಾಶಾಕ ಕಲ್ಲುಗಳನ್ನು ಬದಿಗಿಟ್ಟು ಮಾಸ್ತರರಿಗೆ ಹೇಳಿದರು.

"ತಿಕ್ಕಿದ್ರ ಹಿತ್ತಾಳಿ ಸವಿತೈತ್ರಿ. ನಮ್ಮ ಕಣ್ಣಿಗೆ ಕಾಣಂಗಿಲ್ಲ, ಈ ಮುಳ್ಳಿಗೆ ಕಾಣ್ತೈತಿ."

"ಬರಿಗೈಲೆ ಹೋದ್ರ ಹೆಡ್ ಮಾಸ್ತರು ಮತ್ತ ಹೂಂ ಅನ್ನಂಗಿಲ್ಲ, ಮಾಶಾಕಣ್ಣ. ಛಲೋ ಹೊಳಿತಾವ, ಕೊಟ್ಟಬಿಡ್ರಿ" ಎಂದರು ಯಂಕಪ್ಪ.

ಮಾಶಾಕರಿಗೂ ಆಸೆಯಾಯಿತು. ಮುಂಡರಗಿ ಕಡೆಗೆ ತೆರೆದ ಮೊದಲ ಬಾಗಿಲದು. ಅಷ್ಟರಲ್ಲಿ ಹಸೀನಾಬಿಯೇ ಒಳಗಿನಿಂದ ಬಂದರು. "ತಪ್ಪ ನಂದರಿ, ಮಾಸ್ತರ. ಹುಡುಗ್ರ ಲೆಕ್ಕ ಕೆಡಸೂದ ಬ್ಯಾಡ."

ಯಂಕಪ್ಪ ತಕ್ಕಡಿಯನ್ನೂ ಬಿಟ್ಟು ಮುಖ ಸಣ್ಣದು ಮಾಡಿಕೊಂಡು ಹೋದರು. ಆ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಲಕ್ಷ್ಮೇಶ್ವರದಲ್ಲಿ ಯಾರೂ ತಿಕ್ಕದ ಇನ್ನೊಂದು ಪೆಟ್ಟಿಗೆ ಕಲ್ಲು ಸಿಕ್ಕಿತು. ಪರೀಕ್ಷಿಸಿ ನೋಡಿ, ಯಾರೂ ಕರೆಯದಿದ್ದರೂ ಮಾಶಾಕ ತಕ್ಕಡಿಯ ಸಮೇತ ಕೊರ್ಲಹಳ್ಳಿಗೆ ಹೋದರು. ಹೆಡ್ ಮಾಸ್ತರರು ಪೆಟ್ಟಿಗೆ ತೆರೆದು ಹುಬ್ಬು ಗಂಟಿಕ್ಕಿದರು. "ಏನ್ರಿ ಇವು, ಇಷ್ಟ ಕಪ್ಪ ಅದಾವ?"

"ಕಪ್ಪ ಇರೂವ ಬೇಕಂತ ನಾನ ಹೇಳೇನ್ರಿ. ತಿಕ್ಕಿದ್ರ ತೂಕ ಕಡಿಮಿ ಆಗತೈತಿ" ಎಂದರು ಯಂಕಪ್ಪ, ಸ್ವಲ್ಪವೂ ತಡವರಿಸದೆ. ಹೆಡ್ ಮಾಸ್ತರರು ತಲೆಯಾಡಿಸಿ ಪೆಟ್ಟಿಗೆಯನ್ನು ಒಳಗಿಡಲು ಹೇಳಿದರು.

ಇದನ್ನು ಹೇಳುವಾಗ ಮಾಶಾಕರ ಮುಖ ಅರಳುತ್ತದೆ. "ನಾ ತುಟಿ ಬಿಚ್ಚಲಿಲ್ರಿ. ನನ್ನ ಮಾತ ಮಾಸ್ತರ ಆಡಾಕತ್ತಿದ್ರು."